ಬೆಹ್ರೂಜ್ ಕಲಿತ ಇಂಗ್ಲಿಷು

ಮೈಸೂರಿನ ದೇವರಾಜ ಮೊಹಲ್ಲಾದಲ್ಲಿ ಸ್ಟೀಲ್ ಪಾತ್ರೆ ಅಂಗಡಿ ನಡೆಸುವ ಮೃತ್ಯುಂಜಯನಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ ಎಂಬ ಕೀರ್ತಿಗೆ ಆಧಾರ ಒಂದೇ ಒಂದು ವಾಕ್ಯ. ಮಾರ್ಕೆಟ್ಟಿನೊಳಗೆ ಹೊಕ್ಕು ದಾರಿ ತಪ್ಪಿದ ವಿದೇಶಿಯರು ಅಂಗಡಿಯ ಮುಂದೆ ನಿಂತು ಅರಮನೆ ಎಲ್ಲಿ ಎಂದು ಕೇಳಿದರೆ, ಅವನು ಗಲ್ಲಾದಿಂದ ಎದ್ದು, ಬಲಗೈ ಚಾಚಿ, “ಸ್ಟ್ರೈಟ್ ಗೋ, ದೆನ್ ಆಸ್ಕ್” ಎನ್ನುತ್ತಿದ್ದ. ಅವರು ಥ್ಯಾಂಕ್ಯೂ ಹೇಳಿ ನೇರ ಹೋಗುತ್ತಿದ್ದರು. ಮುಂದೆ ಯಾರನ್ನು ಕೇಳಿದರೋ, ಅರಮನೆ ಸಿಕ್ಕಿತೋ ಇಲ್ಲವೋ, ಅದು ಮೃತ್ಯುಂಜಯನ ಜವಾಬ್ದಾರಿಯಾಗಿರಲಿಲ್ಲ. ಅಕ್ಕಪಕ್ಕದ ಅಂಗಡಿಯವರ ಕಣ್ಣಿಗೆ ಮಾತ್ರ ಅವನು ಪರದೇಶದವರ ಜೊತೆ ಸರಾಗವಾಗಿ ಮಾತಾಡುವ ಮನುಷ್ಯನಾಗಿಬಿಟ್ಟ.

ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಹಿನಕಲ್‌ನಲ್ಲಿ ಅವನ ಮನೆಗೆ ಎದುರಾಗಿ ಲಿಂಗರಾಜುವಿನ ಮನೆ ಇತ್ತು. ಲಿಂಗರಾಜು ತನ್ನ ಮಹಡಿಯ ಕೋಣೆಯನ್ನು ವಿಶ್ವವಿದ್ಯಾನಿಲಯದಲ್ಲಿ ಓದಲು ಬಂದ ಥಾಯ್ಲೆಂಡಿನ ಹುಡುಗಿಗೆ ಬಾಡಿಗೆಗೆ ಕೊಟ್ಟಿದ್ದ. ಬೀದಿಯ ಗಣಪತಿ ಪೆಂಡಾಲಿನಲ್ಲಿ ಆ ಹುಡುಗಿ ರೇಷ್ಮೆ ಸೀರೆ ಉಟ್ಟು ಮಂಗಳಾರತಿ ಮಾಡಿದ ಫೋಟೊ ಪತ್ರಿಕೆಯಲ್ಲಿ ಬಂತು. ಫೋಟೊದ ಒಂದು ಮೂಲೆಯಲ್ಲಿ ಲಿಂಗರಾಜುವಿನ ಅರ್ಧ ಮುಖವೂ ಬಂತು. ಆ ಅರ್ಧ ಮುಖವನ್ನು ಅವನು ಇಡೀ ಹಿನಕಲ್‌ಗೆ ತೋರಿಸಿಕೊಂಡು ಬಂದ. ಮೃತ್ಯುಂಜಯನ ಮಹಡಿಯ ಕೋಣೆಯೂ ಆಗ ಖಾಲಿಯಿತ್ತು. ಮಾರನೆಯ ದಿನವೇ ಅವನು ವಿಶ್ವವಿದ್ಯಾನಿಲಯದ ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಹೋಗಿ, ನಮ್ಮದು ಪೂರ್ತಿ ಇಂಗ್ಲಿಷ್ ಮಾತಾಡುವ ಕುಟುಂಬ, ಅಂಥ ವಾತಾವರಣ ಬೇಕಾದವರಿದ್ದರೆ ಕಳಿಸಿ ಎಂದು ಹೇಳಿ ಬಂದ.

ಅಂಥವನೊಬ್ಬ ಇದ್ದ. ಹೆಸರು ಬೆಹ್ರೂಜ್, ಊರು ತಜಿಕಿಸ್ತಾನ. ಎತ್ತರದ ಆಳು, ಮಾತು ಕಡಿಮೆ, ನಗು ಜಾಸ್ತಿ. ಆಹಾರ ವಿಜ್ಞಾನದಲ್ಲಿ ಎಂಎಸ್ಸಿ ಮಾಡಲು ಬಂದಿದ್ದ. ಇಂಗ್ಲಿಷನ್ನು ಓದಬಲ್ಲ, ಬರೆಯಬಲ್ಲ; ಮಾತಾಡಲು ಹೊರಟರೆ ಮಾತ್ರ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಾಗುತ್ತಿತ್ತು. ತರಗತಿ ಶುರುವಾಗುವ ಮುಂಚೆ ಹೊರದೇಶದವರಿಗೆಲ್ಲ ಇಂಗ್ಲಿಷಿನ ಪರೀಕ್ಷೆ ಇದೆ, ಅದಕ್ಕಾಗಿಯೇ ಬೇಗ ಬಂದಿದ್ದೇನೆ, ಮನೆಯಲ್ಲಿ ದಯವಿಟ್ಟು ನನ್ನ ಜೊತೆ ಇಂಗ್ಲಿಷಿನಲ್ಲೇ ಮಾತಾಡಿ ಎಂದು ಅವನು ಮೊದಲ ದಿನವೇ ಬಿಡಿಸಿ ಬಿಡಿಸಿ ಕೇಳಿಕೊಂಡ. ಇಂಡಿಯಾದವರ ಇಂಗ್ಲಿಷು ಬೇರೆ ಥರ ಇರುತ್ತದೆ, ಅಲ್ಲಿಗೆ ಹೋಗಿ ಕಿವಿಯಿಂದಲೇ ಕಲಿ ಎಂದು ಅವನ ಮೇಷ್ಟ್ರು ಹೇಳಿ ಕಳಿಸಿದ್ದರಂತೆ. ಮೃತ್ಯುಂಜಯ ಎದೆ ಮುಟ್ಟಿಕೊಂಡು, “ನೋ ಪ್ರಾಬ್ಲಂ” ಎಂದ. ಅವನ ಹತ್ತಿರ ಉಳಿದಿದ್ದ ಇಂಗ್ಲಿಷಿನಲ್ಲಿ ಅದು ದೊಡ್ಡ ಪಾಲು.

ಮೊದಲ ದಿನ ಹೇಗೋ ಕಳೆಯಿತು. ಮೃತ್ಯುಂಜಯ “ಕಮ್”, “ಸಿಟ್”, “ಈಟ್” ಎಂದ. ಬೆಹ್ರೂಜ್ ಬಂದ, ಕೂತ, ತಿಂದ. ಆಮೇಲೆ ಏನು ಹೇಳಬೇಕೆಂದು ತೋಚದೆ ಇಬ್ಬರೂ ಗೋಡೆಯ ಗಡಿಯಾರ ನೋಡಿದರು. ಮೃತ್ಯುಂಜಯನ ಹೆಂಡತಿ ಸೌಮ್ಯಶ್ರೀ ಈ ನಾಟಕದಲ್ಲಿ ಒಂದು ಹೊತ್ತು ಭಾಗವಹಿಸಿ, ಒಗ್ಗರಣೆ ಹಾಕುವಾಗ ನನಗೆ ಇಂಗ್ಲಿಷ್ ಬರುವುದಿಲ್ಲ ಎಂದು ಹೇಳಿ ರಾಜೀನಾಮೆ ಕೊಟ್ಟಳು. ಮಾರನೆಯ ಬೆಳಿಗ್ಗೆ ಮೆಟ್ಟಿಲ ಹತ್ತಿರ ನಿಂತು, ಬೀದಿಯವರಿಗೂ ಕೇಳುವಂತೆ ಕೂಗಿದಳು.

“ಬೆಹ್ರೂಜಪ್ಪ, ತಿಂಡಿ ತಯಾರು ಕಣೋ. ಬೇಗ ಬಾ, ಆಮೇಲೆ ಖಾಲಿ ಆಗೋಗುತ್ತೆ.”

ಬೆಹ್ರೂಜ್ ಧಡಧಡ ಇಳಿದು ಬಂದ. ಅವನ ಮುಖ ಹಬ್ಬದ ದಿನದ ಹಾಗೆ ಹೊಳೆಯುತ್ತಿತ್ತು. “ತಯಾರ್? ಖಾಲಿ?” ಎಂದು ಎರಡೆರಡು ಸಲ ಹೇಳಿ ನೋಡಿಕೊಂಡು, ಇದೂ ಇಂಗ್ಲಿಷಾ ಎಂದು ಮೃತ್ಯುಂಜಯನನ್ನು ಕೇಳಿದ.

ಇಲ್ಲಿ ಮೃತ್ಯುಂಜಯ ಅಲ್ಲ ಎನ್ನಬಹುದಿತ್ತು. ಆದರೆ ಅಲ್ಲ ಎಂದರೆ ಮತ್ತೆ ತಾನೇ ಇಂಗ್ಲಿಷ್ ಮಾತಾಡಬೇಕು. ಎದುರುಮನೆಯ ಲಿಂಗರಾಜು ಬೇರೆ ಗೇಟಿನ ಹತ್ತಿರ ಕಿವಿ ನಿಮಿರಿಸಿಕೊಂಡು ಗಿಡಕ್ಕೆ ನೀರು ಹಾಕುತ್ತಿದ್ದ. ಮೃತ್ಯುಂಜಯ ಇಡ್ಲಿಯನ್ನು ನುಂಗಿಕೊಂಡು, “ಯೆಸ್. ಮೈಸೂರ್ ಇಂಗ್ಲಿಷ್” ಎಂದುಬಿಟ್ಟ.

ಅಲ್ಲಿಂದ ಮುಂದೆ ಬೆಹ್ರೂಜನ ಇಂಗ್ಲಿಷು ಹಿಡಿಯಲಾಗದ ವೇಗದಲ್ಲಿ ಬೆಳೆಯಿತು. ಸೌಮ್ಯಶ್ರೀಯ ಹಿಂದೆ ಮುಂದೆ ಓಡಾಡಿಕೊಂಡು ಸೊಪ್ಪು ಬಿಡಿಸಿದ, ಹಿಟ್ಟು ರುಬ್ಬಿದ, ಅವಳು ಆಡಿದ್ದನ್ನೆಲ್ಲ ಬಾಚಿಕೊಂಡ. ಅವಳ ಒಂದೊಂದು ಮಾತಿನಲ್ಲೂ ಗೇಟು, ಲೈಟು, ಫ್ಯಾನು, ಸ್ವಿಚ್ಚು ಎಂದು ಹೇಗಿದ್ದರೂ ಅರ್ಧ ಇಂಗ್ಲಿಷೇ ಇರುತ್ತಿದ್ದುದರಿಂದ, ಉಳಿದರ್ಧದ ಬಗ್ಗೆ ಅವನಿಗೆ ಅನುಮಾನ ಬರಲು ಕಾರಣವಿರಲಿಲ್ಲ. ದಸರೆಯ ಹೊತ್ತಿಗೆ ಹೂವಿನವಳ ಹತ್ತಿರ ನಿಂತು, “ಅಕ್ಕ, ಲಾಸ್ಟ್ ಪ್ರೈಸ್ ಹೇಳಿ, ಸುಮ್ನೆ ಟೈಂ ವೇಸ್ಟ್ ಬೇಡ” ಎನ್ನುವ ಮಟ್ಟಕ್ಕೆ ಬಂದ. ಹೂವಿನವಳಿಗೂ ಏನೂ ವಿಶೇಷ ಅನ್ನಿಸಲಿಲ್ಲ. ಲಿಂಗರಾಜುವಿಗೆ ಅನ್ನಿಸಿತು. ನಿಮ್ಮ ಹುಡುಗ ಕನ್ನಡ ಮಾತಾಡ್ತಾನಲ್ಲ ಎಂದು ಕೇಳಿದ. ಮೃತ್ಯುಂಜಯ, ಇಂಗ್ಲಿಷು ಮುಗಿಯಿತು, ಈಗ ಬಿಡುವಿನ ಹೊತ್ತಿನಲ್ಲಿ ಕನ್ನಡಕ್ಕೆ ಕೈ ಹಾಕಿದ್ದಾನೆ ಎಂದು ಗಂಭೀರವಾಗಿ ಹೇಳಿದ. ಲಿಂಗರಾಜು ಸೋಲಲಿಲ್ಲ. ನಮ್ಮ ಮನೆಯ ಹುಡುಗಿಯ ಇಂಗ್ಲಿಷ್ ಎಷ್ಟು ಶುದ್ಧ ಎಂದರೆ ನನಗೆ ಒಂದು ಅಕ್ಷರವೂ ಅರ್ಥವಾಗುವುದಿಲ್ಲ ಎಂದ.

ಪರೀಕ್ಷೆಗೆ ಒಂದು ವಾರವಿದೆ ಎನ್ನುವಾಗ ಬೆಹ್ರೂಜ್ ಊಟಕ್ಕೆ ಕೂತು ಸಾರಿನ ಜೊತೆ ಇನ್ನೊಂದು ವಿಷಯ ಹೇಳಿದ. ಇದರಲ್ಲಿ ಫೇಲಾದವರನ್ನು ಬೇರೆ ಊರಿಗೆ ಒಂದು ವರ್ಷ ಭಾಷೆ ಕಲಿಯಲು ಕಳಿಸುತ್ತಾರಂತೆ. ಇಲ್ಲಿನ ಸೀಟು ಇನ್ನೊಬ್ಬರಿಗೆ ಹೋಗುತ್ತದಂತೆ. ಅದನ್ನು ಅವನು ಬಹಳ ಹಗುರಾಗಿ ಹೇಳಿದ. ತಾನು ಫೇಲಾಗುವ ಪ್ರಶ್ನೆಯೇ ಇಲ್ಲವೆಂಬ ಧೈರ್ಯ. ಮೃತ್ಯುಂಜಯನ ಕೈಯಲ್ಲಿದ್ದ ಮುದ್ದೆ ಮಾತ್ರ ಬಾಯಿಗೆ ಹೋಗದೆ ತಟ್ಟೆಗೆ ವಾಪಸಾಯಿತು.

ಹುಡುಗನನ್ನು ಒಂದು ಸಲ ಪರೀಕ್ಷಿಸಿ ನೋಡಿ ಎಂದು ಅವನು ಮಾವನಿಗೆ ಫೋನು ಮಾಡಿದ. ಮಾವ ಶಿವಮಲ್ಲಪ್ಪನವರು ಶಿಕ್ಷಣ ಇಲಾಖೆಯಲ್ಲಿದ್ದು ನಿವೃತ್ತರಾಗಿ ಬನ್ನಿಮಂಟಪದಲ್ಲಿ ಇದ್ದವರು. ಪರೀಕ್ಷೆ ಎಂಬ ಶಬ್ದ ಕೇಳಿದರೇ ಅವರಿಗೆ ವಯಸ್ಸು ಇಳಿಯುತ್ತಿತ್ತು. ಭಾನುವಾರ ಕೋಟು ಹಾಕಿಕೊಂಡು ಬಂದರು, ನಡುಮನೆಯಲ್ಲಿ ಊಟದ ಮೇಜನ್ನು ಅಡ್ಡ ಇಡಿಸಿದರು, ಬೆಹ್ರೂಜನನ್ನು ಹೊರಗೆ ನಿಲ್ಲಿಸಿ, ಬಾಗಿಲು ತಟ್ಟಿ ಒಳಗೆ ಬರಲು ಹೇಳಿದರು. ಹಾಸನದಲ್ಲಿ ಬಿ.ಎಡ್. ಓದುತ್ತಿದ್ದ ಮೃತ್ಯುಂಜಯನ ಮಗಳು ಲಾಸ್ಯ ಅದೇ ಬೆಳಿಗ್ಗೆ ರಜಕ್ಕೆಂದು ಬಂದಿಳಿದವಳು ಅಡುಗೆಮನೆಯ ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದಳು.

ನೀನು ಇಂಡಿಯಾಗೆ ಯಾಕೆ ಬಂದೆ ಎಂದು ಶಿವಮಲ್ಲಪ್ಪನವರು ಇಂಗ್ಲಿಷಿನಲ್ಲಿ ಗುಡುಗಿದರು. ಬೆಹ್ರೂಜ್ ತಡವರಿಸಲೇ ಇಲ್ಲ.

“ಸರ್, ಮೈ ಕಂಟ್ರಿ ಫ್ರೂಟ್ ವೆರಿ ಗುಡ್. ಬಟ್ ಮಾರ್ಕೆಟ್ ದೂರ. ಹೋಗೋಷ್ಟ್ರಲ್ಲಿ ಹಾಳಾಗೋಗುತ್ತೆ. ಪಾಪ, ಫಾರ್ಮರ್ ಫುಲ್ ಬೇಜಾರು. ಸೋ ಐ ಸ್ಟಡಿ, ಹೆಂಗೆ ಒಣಗಿಸೋದು.”

ಶಿವಮಲ್ಲಪ್ಪನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಒಂದು ಪದವೂ ಬಿಡದೆ ಅರ್ಥವಾಯಿತು, ಇಲಾಖೆಯಲ್ಲಿದ್ದಷ್ಟು ಕಾಲ ದೊಡ್ಡ ಆಫೀಸರುಗಳ ಇಂಗ್ಲಿಷು ತನಗೆ ಇಷ್ಟು ಸಲೀಸಾಗಿ ಅರ್ಥವಾಗಿದ್ದೇ ಇಲ್ಲ ಎಂದು ಹೇಳಿ, ಎದ್ದು ಕೈ ಕುಲುಕಿ, ಫಸ್ಟ್ ಕ್ಲಾಸ್ ಘೋಷಿಸಿದರು. ಅಡುಗೆಮನೆಯ ಬಾಗಿಲಲ್ಲಿ ಲಾಸ್ಯಳ ಮೂಗಿನಿಂದ ಕಾಫಿ ಬಂತು.

ಬೆಹ್ರೂಜ್ ಮಹಡಿ ಹತ್ತಿದ ಮೇಲೆ ಅವಳು ಅಪ್ಪನನ್ನೂ ತಾತನನ್ನೂ ಕೂರಿಸಿಕೊಂಡು ಮೆಲ್ಲಗೆ ವಿಷಯ ಮುಟ್ಟಿಸಿದಳು. ಅವನು ಆಡಿದ್ದರಲ್ಲಿ ಅರ್ಧಕ್ಕರ್ಧ ಕನ್ನಡ, ಅವನಿಗೆ ಅದು ಗೊತ್ತಿಲ್ಲ, ಪರೀಕ್ಷೆಯಲ್ಲಿ ಹೀಗೇ ಮಾತಾಡಿದರೆ ಅವನ ಗತಿ ಏನು ಎಂದಳು. ಶಿವಮಲ್ಲಪ್ಪನವರು ಕೋಟು ಬಿಚ್ಚಿ, ಬನ್ನಿಮಂಟಪದ ಕಡೆಗೆ ಬಸ್ಸು ಎಷ್ಟು ಹೊತ್ತಿಗಿದೆ ಎಂದು ಕೇಳಿದರು.

ಉಳಿದವನು ಮೃತ್ಯುಂಜಯ. ಮಾಡಿದ್ದನ್ನು ಒಪ್ಪಿಕೊಂಡುಬಿಡಬೇಕೆಂದು ಅವನು ಸಂಜೆ ಮಹಡಿ ಹತ್ತಿದ. ಒಪ್ಪಿಕೊಳ್ಳುವುದು ಯಾವ ಭಾಷೆಯಲ್ಲಿ ಎಂಬುದು ಬಾಗಿಲು ತಟ್ಟಿದ ಮೇಲೆ ಹೊಳೆಯಿತು. ಇಂಗ್ಲಿಷಿನಲ್ಲಿ ಅಷ್ಟೊಂದು ಒಪ್ಪಿಕೊಳ್ಳುವಷ್ಟು ಸರಕಿರಲಿಲ್ಲ. ಕನ್ನಡದಲ್ಲೇ, “ನೋಡಪ್ಪಾ, ನೀನು ಕಲ್ತಿರೋದು ಇಂಗ್ಲಿಷ್ ಅಲ್ಲ ಕಣಪ್ಪ” ಎಂದ. ಬೆಹ್ರೂಜ್ ಗಟ್ಟಿಯಾಗಿ ನಕ್ಕು, ಸರ್, ಸುಮ್ನೆ ತಮಾಷೆ ಮಾಡಬೇಡಿ ಎಂದು ಹೇಳಿ, ಕೂರಿಸಿ, ತನ್ನ ಊರಿನ ಟೀ ಮಾಡಿಕೊಟ್ಟ. ಗುರುಗಳು ಶಿಷ್ಯನ ಧೈರ್ಯ ಪರೀಕ್ಷಿಸಲು ಬಂದಿದ್ದಾರೆ ಎಂದು ಅವನು ತಿಳಿದಿದ್ದ. ಮೃತ್ಯುಂಜಯ ಟೀ ಕುಡಿದು ಇಳಿದು ಬಂದ. ಆ ವಾರವೆಲ್ಲ ಲಾಸ್ಯ ತನಗೆ ಬಂದಷ್ಟು ಹೇಳಿಕೊಡಲು ನೋಡಿದಳು. ಬೆಹ್ರೂಜನಿಗೆ ಅವಳ ಇಂಗ್ಲಿಷು ವಿಚಿತ್ರವಾಗಿ ಕೇಳಿಸಿತು. ಇದು ಹಾಸನದ ಇಂಗ್ಲಿಷ್ ಇರಬೇಕು, ನನಗೆ ನಿಮ್ಮಮ್ಮ ಹೇಳಿಕೊಟ್ಟಿದ್ದೇ ಸಾಕು ಎಂದು ವಿನಯದಿಂದ ತಪ್ಪಿಸಿಕೊಂಡ.

ಪರೀಕ್ಷೆಯ ದಿನ ಮೃತ್ಯುಂಜಯ ಅಂಗಡಿಗೆ ಬೀಗ ಹಾಕಿ ಬೆಹ್ರೂಜನ ಜೊತೆಗೇ ಹೊರಟ. ಯಾಕೆ ಹೊರಟನೆಂದು ಅವನಿಗೇ ಸ್ಪಷ್ಟವಿರಲಿಲ್ಲ. ಏನಾದರೂ ಆದರೆ ತಪ್ಪು ನನ್ನದು ಎಂದು ಯಾರ ಕಾಲಾದರೂ ಹಿಡಿಯಬಹುದು ಎಂಬ ಲೆಕ್ಕವಿರಬಹುದು. ವಿಶ್ವವಿದ್ಯಾನಿಲಯದ ಕಾರಿಡಾರಿನ ಬೆಂಚಿನಲ್ಲಿ ಲಿಂಗರಾಜು ಆಗಲೇ ಕೂತಿದ್ದ. ಥಾಯ್ಲೆಂಡಿನ ಹುಡುಗಿಗೂ ಅಂದೇ ಪರೀಕ್ಷೆ. ಇಬ್ಬರೂ ಪರಸ್ಪರ ನಮಸ್ಕಾರ ಮಾಡಿ, ತಮ್ಮ ತಮ್ಮ ಅಭ್ಯರ್ಥಿಗಳ ವಿಷಯದಲ್ಲಿ ಯಾವ ಚಿಂತೆಯೂ ಇಲ್ಲದವರ ಹಾಗೆ ಕೂತರು.

ಬರೆಯುವ ಭಾಗದಲ್ಲಿ ಬೆಹ್ರೂಜನಿಗೆ ಕಷ್ಟವಾಗಲಿಲ್ಲ. ಅದರ ನಂತರ ಪಾಠ ಕೇಳಿ ಅರ್ಥಮಾಡಿಕೊಳ್ಳುವ ಭಾಗ. ಇದಕ್ಕೆ ವಿಜ್ಞಾನ ವಿಭಾಗದಿಂದ ಪ್ರೊಫೆಸರ್ ಮಹದೇವಸ್ವಾಮಿಯವರನ್ನು ಕರೆಸಿದ್ದರು. ಅವರು ಪಾಠ ಮಾಡುವುದು, ಅದರ ಮೇಲೆ ಕೇಳಿದ ಪ್ರಶ್ನೆಗಳಿಗೆ ವಿದ್ಯಾರ್ಥಿಗಳು ಉತ್ತರ ಕೊಡುವುದು. ಮಹದೇವಸ್ವಾಮಿಯವರು ಇಷ್ಟು ವರ್ಷವೂ ಇಂಗ್ಲಿಷಿನಲ್ಲೇ ಪಾಠ ಮಾಡಿಕೊಂಡು ಬಂದವರು. ಹಾಗೆಂದು ಅವರು ಮನಸಾರೆ ನಂಬಿದ್ದರು. ಬಾಗಿಲು ತೆರೆದೇ ಇದ್ದುದರಿಂದ ಬೆಂಚಿನ ಮೇಲಿದ್ದವರಿಗೂ ಪಾಠ ಕೇಳಿಸಿತು.

“ನೌ, ದಿಸ್ ಎನ್‌ಜೈಮ್ ಇದ್ಯಲ್ಲ, ಟೆಂಪರೇಚರ್ ಜಾಸ್ತಿ ಆದ್ರೆ ಇಟ್ ವಿಲ್ ಸುಮ್ನೆ ಸಿಟ್. ಯಾಕೆ? ಬಿಕಾಸ್ ಅದರ ಶೇಪ್ ಹಾಳಾಗೋಯ್ತು. ಆಮೇಲೆ ಯು ಕೂಲ್ ಇಟ್ ಅಂದ್ರೂ, ನೋ ಯೂಸ್. ಗೊತ್ತಾಯ್ತಾ?”

ಒಳಗೆ ಆಫ್ರಿಕಾ, ಇರಾನ್, ವಿಯೆಟ್ನಾಂಗಳಿಂದ ಬಂದ ಹುಡುಗ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಥಾಯ್ಲೆಂಡಿನ ಹುಡುಗಿ ಪೆನ್ನು ಕೆಳಗಿಟ್ಟಳು. ಬೆಹ್ರೂಜ್ ಒಬ್ಬ ತಲೆಯಾಡಿಸುತ್ತ, ನಡುವೆ ಒಮ್ಮೆ ಕೈಯೆತ್ತಿ ಅನುಮಾನವನ್ನೂ ಕೇಳಿದ. ಕೊನೆಗೆ ನೋಡಿದರೆ ಆ ಭಾಗದಲ್ಲಿ ಪೂರ್ತಿ ಅಂಕ ಅವನಿಗೆ. ಮಿಕ್ಕವರು ದಡ ಮುಟ್ಟಿರಲಿಲ್ಲ. ಇಂಥ ಚುರುಕಾದ ವಿದೇಶಿ ವಿದ್ಯಾರ್ಥಿಯನ್ನು ನಾನು ಕಂಡಿಲ್ಲ ಎಂದು ಮಹದೇವಸ್ವಾಮಿಯವರು ಕಾರಿಡಾರಿನಲ್ಲಿ ನಿಂತು ಹೇಳಿದರು. ಮೃತ್ಯುಂಜಯ ಲಿಂಗರಾಜುವಿನ ಕಡೆ ನೋಡಲಿಲ್ಲ. ನೋಡುವ ಧೈರ್ಯವಿರಲಿಲ್ಲ. ಮಾತಾಡುವ ಭಾಗ ಇನ್ನೂ ಬಾಕಿಯಿತ್ತು.

ಆ ಭಾಗ ಇಂಗ್ಲಿಷ್ ವಿಭಾಗದ ಪ್ರೊಫೆಸರ್ ಗಿರಿಜಾಂಬಾ ಅವರದು. ಪಕ್ಕದಲ್ಲಿ ಮಹದೇವಸ್ವಾಮಿಯವರೂ ಕೂತಿದ್ದರು. ಬೆಹ್ರೂಜ್ ಒಳಗೆ ಹೋದ. ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ ಜವಾನ ಹೊರಗೆ ಬಂದು, ಬೆಹ್ರೂಜ್ ಜೊತೆ ಬಂದಿರೋರು ಯಾರು, ಮೇಡಂ ಕರೀತಿದಾರೆ ಎಂದ.

ಮೃತ್ಯುಂಜಯ ಒಳಗೆ ಹೋಗಿ ನಿಂತುಕೊಂಡೇ ಎಲ್ಲವನ್ನೂ ಹೇಳಿಬಿಟ್ಟ. ಕೂರಿ ಎಂದದ್ದೂ ಕೇಳಿಸಲಿಲ್ಲ. ನನಗೆ ಇಂಗ್ಲಿಷ್ ಬರುವುದಿಲ್ಲ, ಬರುತ್ತದೆಂದು ಸುಳ್ಳು ಹೇಳಿ ಹುಡುಗನನ್ನು ಮನೆಗೆ ಕರೆದುಕೊಂಡೆ, ಹೆಂಡತಿ ಆಡುವ ಕನ್ನಡವನ್ನೇ ಇಂಗ್ಲಿಷ್ ಎಂದು ನಂಬಿಸಿದೆ, ಶಿಕ್ಷೆ ಕೊಡುವುದಿದ್ದರೆ ನನಗೆ ಕೊಡಿ, ಅವನನ್ನು ಬೇರೆ ಊರಿಗೆ ಕಳಿಸಬೇಡಿ ಎಂದ. ಹೇಳಿದ್ದೆಲ್ಲ ಕನ್ನಡದಲ್ಲಿ. ಬೆಹ್ರೂಜನಿಗೆ ಒಂದಕ್ಷರವೂ ಬಿಡದೆ ಅರ್ಥವಾಗುತ್ತಿತ್ತು. ಅವನ ಮುಖದ ನಗು ಮೊದಲು ನಿಂತಲ್ಲೇ ನಿಂತು, ಆಮೇಲೆ ಮೆಲ್ಲಗೆ ಇಳಿದು ಹೋಯಿತು.

“ಸರ್,” ಎಂದು ಅವನು ಕೇಳಿದ, “ಪರವಾಗಿಲ್ಲ?”

ಅವನು ಕ್ಷಮಿಸುತ್ತಿದ್ದಾನೆಂದು ಮೃತ್ಯುಂಜಯನ ಕಣ್ಣು ತುಂಬಿತು. ಆದರೆ ಬೆಹ್ರೂಜ್ ಕೇಳಿದ್ದು ಆ ಪದ ಯಾವ ಭಾಷೆಯದೆಂದು.

“ಕನ್ನಡ ಕಣಪ್ಪ.”

“ಬೇಜಾರು?”

“ಅದೂ ಕನ್ನಡ.”

“ಬಸ್ಸು?”

ಮೃತ್ಯುಂಜಯ ಯೋಚಿಸಿದ. ಹುಟ್ಟಿದಾಗಿನಿಂದ ತನ್ನ ಮನೆಯಲ್ಲಿ ಎಲ್ಲರೂ ಬಸ್ಸು ಎಂದೇ ಹೇಳುತ್ತಿದ್ದರು. ಅದೂ ಕನ್ನಡವೇ ಎಂದ. ಮಹದೇವಸ್ವಾಮಿಯವರು ಅವನ ಪಕ್ಷ ವಹಿಸಿದರು. ಗಿರಿಜಾಂಬಾ ಅದು ಇಂಗ್ಲಿಷ್ ಎಂದರು. ಮಹದೇವಸ್ವಾಮಿಯವರು, ಕೊನೆಯಲ್ಲಿ ಉಕಾರ ಬಂದ ಮೇಲೆ ಹೇಗೆ ಇಂಗ್ಲಿಷಾಗುತ್ತದೆ ಮೇಡಂ ಎಂದರು. ಮಾತು ಟೊಮೇಟೊಗೆ ಹೋಯಿತು, ಅಲ್ಲಿಂದ ಕಾಫಿಗೆ ಹೋಯಿತು. ಅಭ್ಯರ್ಥಿ ಒಬ್ಬ ಎದುರಿಗೆ ಕೂತಿದ್ದಾನೆ ಎಂಬುದು ಪರೀಕ್ಷಕರಿಗೆ ಮರೆತೇಹೋಯಿತು. ಗಿರಿಜಾಂಬಾ ಕೊನೆಗೆ ಮೇಜು ತಟ್ಟಿ, ಮಹದೇವಸ್ವಾಮಿಗಳೇ, ನಿಮ್ಮ ಪಾಠದ ಬಗ್ಗೆಯೂ ನಾನು ಆಮೇಲೆ ಮಾತಾಡಬೇಕು ಎಂದರು.

ಆಗ ಬೆಹ್ರೂಜ್ ಬಾಯಿ ಬಿಟ್ಟ. ಅವನು ಹೇಳಿದ್ದು ಇಷ್ಟು: ತಯಾರು, ಖಾಲಿ, ಬೇಜಾರು, ಹಾಜರು, ತಮಾಷೆ, ಇವೆಲ್ಲ ಅವನ ಮನೆಯ ಮಾತುಗಳು. ಅವನ ತಾಯಿ ದಿನಾ ಆಡುವ ಮಾತುಗಳು, ಸ್ವಲ್ಪ ಬಾಲ ಬೇರೆ ಅಷ್ಟೆ. ಮೊದಲ ದಿನ ಮೆಟ್ಟಿಲ ಹತ್ತಿರ ಅವು ಕಿವಿಗೆ ಬಿದ್ದಾಗ, ಇಂಗ್ಲಿಷು ನಮ್ಮಿಂದಲೂ ಸಾಲ ತಗೊಂಡಿದೆ, ಇನ್ನು ಹೆದರಿಕೆಯಿಲ್ಲ ಅಂದುಕೊಂಡನಂತೆ. ಗಂಟಲಲ್ಲಿ ಸಿಕ್ಕಿಕೊಂಡಿದ್ದು ಬಿಟ್ಟುಹೋಗಿದ್ದು ಆವತ್ತೇ.

ಗಿರಿಜಾಂಬಾ ಅವನ ಕಡೆ ತಿರುಗಿದರು. ಅವು ಪಾರ್ಸಿ ಮಾತುಗಳು, ನಿಮ್ಮ ತಜಿಕ್ ಭಾಷೆಯೂ ಪಾರ್ಸಿಯದೇ ಒಂದು ರೂಪ, ಹಿಂದೆ ಕಚೇರಿ ದರ್ಬಾರುಗಳ ಜೊತೆ ಇಲ್ಲಿಗೆ ಬಂದು ಇಲ್ಲಿಯವೇ ಆಗಿಬಿಟ್ಟವು ಎಂದು ತಿಳಿಸಿ ಹೇಳಿದರು. ಆಮೇಲೆ ಇಂಗ್ಲಿಷಿನಲ್ಲಿ, ನಿಧಾನವಾಗಿ ಹೇಳಿದರು. ನಿನ್ನ ತಾಯಿಗೆ ಗೊತ್ತಿರುವ ಪದ ಬಿಡು, ಈ ಯಜಮಾನರ ಮನೆಯವರಿಗೆ ಗೊತ್ತಿರುವ ಪದವನ್ನೂ ಬಿಡು. ಏನು ಉಳಿಯುತ್ತದೋ ಅದರಲ್ಲಿ, ನಿಮ್ಮೂರಿನಲ್ಲಿ ಹಣ್ಣು ಹೇಗೆ ಒಣಗಿಸುತ್ತಾರೆ ಹೇಳು. ಅವಸರವಿಲ್ಲ.

ಬೆಹ್ರೂಜ್ ಶುರುಮಾಡಿದ. ಒಂದೊಂದು ಪದವನ್ನೂ ಎತ್ತಿ, ತಿರುಗಿಸಿ ನೋಡಿ, ಆಮೇಲೆ ಇಡುವವನ ಹಾಗೆ ಮಾತಾಡಿದ. ಜರ್ದಾಳು ಎಂಬ ಏಪ್ರಿಕಾಟ್ ಹಣ್ಣನ್ನು ಬಿಡಿಸಿ ಮನೆಯ ಮಾಳಿಗೆಯ ಮೇಲೆ ಹರಡುವುದು, ಹೆಂಗಸರು ಮಧ್ಯಾಹ್ನ ಹೋಗಿ ಮಗುಚಿ ಹಾಕುವುದು, ಒಂದು ಗಾಳಿಮಳೆ ಬಂದರೆ ಬೆಳೆಯೆಲ್ಲ ಬೂಸಲು ಹಿಡಿಯುವುದು, ಅದನ್ನು ತಪ್ಪಿಸಲು ಏನಾದರೂ ಸರಳವಾದ ದಾರಿ ಕಂಡುಹಿಡಿಯಬೇಕೆಂದು ತಾನು ಬಂದಿರುವುದು. ಪುಟ್ಟ ಪುಟ್ಟ ವಾಕ್ಯಗಳು. ನಡುವೆ ಆಗಾಗ “ಆಮೇಲೆ” ಎಂದು ಬಾಯಿಗೆ ಬರುತ್ತಿತ್ತು. ನಾಲಿಗೆ ಕಚ್ಚಿಕೊಂಡು “ದೆನ್” ಎನ್ನುತ್ತಿದ್ದ. ಮೃತ್ಯುಂಜಯನಿಗೆ ಈ ಸಲ ಹೆಚ್ಚೇನೂ ಅರ್ಥವಾಗಲಿಲ್ಲ. ಅರ್ಥವಾಗದಷ್ಟೂ ಅವನ ಎದೆ ಹಗುರವಾಗುತ್ತಾ ಬಂತು.

ಮುಗಿದ ಮೇಲೆ ಗಿರಿಜಾಂಬಾ, ಇಂಗ್ಲಿಷು ಬಡವಾಗಿದೆ, ಆದರೆ ಬದುಕಿದೆ ಎಂದರು. ಪಾಸು ಮಾಡಿದರು. ಪ್ರತಿ ಶನಿವಾರ ತಮ್ಮ ತರಗತಿಗೆ ಬಂದು ಕೂರಬೇಕೆಂದು ಷರತ್ತು ಹಾಕಿದರು. ಪಾಠ ಅರ್ಥವಾಗದ ಉಳಿದ ಮಕ್ಕಳಿಗೆ ಬೇರೊಬ್ಬರಿಂದ ಪಾಠ ಮಾಡಿಸಿ ಮತ್ತೆ ಪರೀಕ್ಷೆ ಇಡಬೇಕೆಂದರು. ಮಹದೇವಸ್ವಾಮಿಯವರು ಕಿಟಕಿಯ ಆಚೆ ನೋಡಿದರು. ಕೊನೆಗೆ ಗಿರಿಜಾಂಬಾ ಮೃತ್ಯುಂಜಯನ ಕಡೆ ತಿರುಗಿದರು.

“ನಿಮಗೆ ಒಂದೇ ಮಾತು ಹೇಳೋದು. ಇನ್ನು ಮನೇಲಿ ಇವನ ಜೊತೆ ಯಾರೂ ಇಂಗ್ಲಿಷ್ ಮಾತಾಡಬೇಡಿ. ಅದನ್ನ ನಾನು ನೋಡ್ಕೋತೀನಿ.”

ಮೃತ್ಯುಂಜಯ ಕೈ ಮುಗಿದ. ಜೀವನದಲ್ಲಿ ಅವನಿಗೆ ಸಿಕ್ಕ ಆಜ್ಞೆಗಳಲ್ಲಿ ಇಷ್ಟು ಸುಲಭದ್ದು ಇನ್ನೊಂದಿರಲಿಲ್ಲ.

ಹೊರಗೆ ಬಂದರು. ಲಿಂಗರಾಜು ಏನಾಯಿತು ಎಂದು ಕಣ್ಣಲ್ಲೇ ಕೇಳಿದ. ನಿಮ್ಮ ಹುಡುಗಿಗೆ ಇನ್ನೊಂದು ಸಲ ಪರೀಕ್ಷೆ ಇಡುತ್ತಾರಂತೆ, ಹೆದರಬೇಡಿ ಎಂದಷ್ಟೇ ಹೇಳಿ ಮೃತ್ಯುಂಜಯ ಮುಂದೆ ನಡೆದ. ಬೆಹ್ರೂಜ್ ತಿರುಗಿ ನೋಡದೆ ಉದ್ದುದ್ದ ಹೆಜ್ಜೆ ಹಾಕುತ್ತಿದ್ದ. ಇವನು ಕೋಣೆ ಬಿಟ್ಟು ಹೋಗುತ್ತಾನೆ ಎಂದು ಮೃತ್ಯುಂಜಯ ಲೆಕ್ಕ ಹಾಕಿದ. ಹೋದರೂ ತಪ್ಪಿಲ್ಲ, ಸೌಮ್ಯಶ್ರೀಗೆ ಹೇಗೆ ಹೇಳುವುದು ಎಂಬುದೊಂದೇ ಕಷ್ಟ. ಗೇಟಿನ ಹತ್ತಿರದ ಮರದ ಕೆಳಗೆ ಬೆಹ್ರೂಜ್ ನಿಂತ.

“ಯಾಕೆ ಸರ್ ಸುಳ್ಳು ಹೇಳಿದ್ರಿ?”

“ಬರಲ್ಲ ಅನ್ನೋಕೆ ನಾಚ್ಕೆ ಆಗ್ಬುಡ್ತು ಕಣಪ್ಪ,” ಎಂದ ಮೃತ್ಯುಂಜಯ. ಬೇರೆ ಕಾರಣಗಳನ್ನೂ ತಯಾರು ಮಾಡಿಕೊಂಡಿದ್ದ. ಒಂದೂ ಬಾಯಿಗೆ ಬರಲಿಲ್ಲ.

ಬೆಹ್ರೂಜ್ ನೆಲ ನೋಡುತ್ತ ನಿಂತ. ಆಮೇಲೆ ಅವನ ಭುಜ ಅಲುಗಿತು. ಅಳುತ್ತಿದ್ದಾನೆಂದು ಮೃತ್ಯುಂಜಯ ಹೆದರಿದರೆ, ಅವನು ನಗುತ್ತಿದ್ದ. ತನ್ನ ದೇಶದಲ್ಲಿ ವಿದ್ಯಾರ್ಥಿವೇತನಕ್ಕೆ ಸಂದರ್ಶನ ಮಾಡಿದಾಗ, ಇಂಗ್ಲಿಷ್ ಮಾತಾಡಲು ಬರುತ್ತದೆಯೇ ಎಂದು ಕೇಳಿದ್ದರಂತೆ. ನೀರು ಕುಡಿದಷ್ಟು ಸುಲಭವಾಗಿ ಬರುತ್ತದೆ ಎಂದು ತಾನೂ ಹೇಳಿಬಿಟ್ಟಿದ್ದನಂತೆ. ನಾಚಿಕೆಗೇ.

ಅಲ್ಲೇ ನಿಂತು ಅವನು ಊರಿಗೆ ವಿಡಿಯೊ ಕಾಲ್ ಮಾಡಿದ. ಪರದೆಯ ಮೇಲೆ ತಲೆಗೆ ಹೂಗಳ ವಸ್ತ್ರ ಕಟ್ಟಿದ ಹೆಂಗಸೊಬ್ಬಳು ಬಂದಳು. ಮಗ ಸುದ್ದಿ ಹೇಳಿದ. ಆಕೆ ಎರಡು ಕೈಯನ್ನೂ ಕೆನ್ನೆಗೆ ಇಟ್ಟುಕೊಂಡಳು, ಯಾರನ್ನೋ ಕೂಗಿ ಕರೆದಳು, ಮನೆಯವರೆಲ್ಲ ಪರದೆಯೊಳಗೆ ತುಂಬಿಕೊಂಡರು. ಬೆಹ್ರೂಜ್ ಫೋನನ್ನು ಮೃತ್ಯುಂಜಯನ ಕಡೆ ತಿರುಗಿಸಿ, ಇವರೇ ಮನೆಯ ಯಜಮಾನರು ಎಂದು ಪರಿಚಯ ಮಾಡಿದ. ತಾಯಿ ಅವನನ್ನು ಎವೆಯಿಕ್ಕದೆ ನೋಡಿದಳು. ಬೆವರಿನಲ್ಲಿ ಅಂಗಿ ಮೈಗೆ ಅಂಟಿತ್ತು, ಕೂದಲು ಹಣೆಗೆ ಅಂಟಿತ್ತು, ಕಣ್ಣು ಕೆಂಪಾಗಿತ್ತು. ಆಕೆ ಮಗನಿಗೆ ಏನೋ ಕೇಳಿದಳು.

ಬೆಹ್ರೂಜ್ ನಗು ತಡೆದುಕೊಂಡು ತಿಳಿಸಿದ. “ಪರೀಕ್ಷೆ ಕೊಟ್ಟಿದ್ದು ನೀನಾ, ಅವರಾ ಅಂತ ಅಮ್ಮ ಕೇಳ್ತಿದಾರೆ. ಏನಂತ ಹೇಳಲಿ ಸರ್?”

ಮೃತ್ಯುಂಜಯ ಕರವಸ್ತ್ರದಲ್ಲಿ ಮುಖ ಒರೆಸಿಕೊಂಡು, ಕೂದಲು ಸರಿಮಾಡಿಕೊಂಡು, ಪರದೆಯಲ್ಲಿದ್ದ ಆ ಹೆಂಗಸಿಗೆ ಕೈ ಮುಗಿದ.

“ಇಬ್ರೂ ಪಾಸು ಅಂತ ಹೇಳಪ್ಪ.”